'ಇಲ್ಲ' ಎಂದು ಬರೆಯದ ಚಿಕ್ಕಮ್ಮ

ನಮ್ಮ ಮನೆಯಲ್ಲಿ ಫಾರಂ ತುಂಬುವ ಮಹಾವಿದ್ವಾಂಸ ನಾನೇ. ಕೊರಿಯರ್ ಕಚೇರಿಯೊಂದರಲ್ಲಿ ತಪ್ಪು ವಿಳಾಸದ ಪೊಟ್ಟಣಗಳಿಗೆ ಸರಿಯಾದ ವಿಳಾಸ ಹುಡುಕುವುದು ನನ್ನ ಕೆಲಸ. ದಿನಕ್ಕೆ ಅರವತ್ತು ಹುಡುಕುತ್ತೇನೆ. ಅದರಲ್ಲಿ ನಲವತ್ತು ತಿರುಗಿ ನನ್ನ ಮೇಜಿಗೇ ಬರುತ್ತವೆ. ಇಷ್ಟೆಲ್ಲ ಅರ್ಹತೆ ಇದ್ದುದರಿಂದಲೇ ಚಿಕ್ಕಮ್ಮ ತನ್ನ ಅರ್ಜಿಯನ್ನು ನನ್ನ ಮುಂದೆ ಹರಡಿದ್ದು.

ಚಿಕ್ಕಮ್ಮ ಎಂದರೆ ಅಮ್ಮನ ತಂಗಿ. ದೊಡ್ಡಾಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಗುತ್ತಿಗೆ ಕೆಲಸ. ವಾರ್ಡುಗಳಿಂದ ಬರುವ ಹಾಸು, ಹೊದಿಕೆ, ಆಪರೇಷನ್ ಕೋಣೆಯ ಹಸಿರು ನಿಲುವಂಗಿ ಎಲ್ಲವನ್ನೂ ಒಗೆಸಿ, ಹರಿದದ್ದನ್ನು ಹೊಲಿದು, ಅಂಚಿಗೆ ಅಂಚು ಕೂಡಿಸಿ ಮಡಚಿ ಕಪಾಟಿಗೇರಿಸುತ್ತಾಳೆ. ಅವಳು ಹಾಸಿದ ಮಂಚದ ಮೇಲೆ ಮಲಗಲು ರೋಗಿಗಳೂ ಒಂದು ಗಳಿಗೆ ಹಿಂಜರಿಯುತ್ತಾರಂತೆ. ಇದು ಅವಳೇ ಹೇಳಿದ್ದು, ಸಾಕ್ಷಿ ಇಲ್ಲ. ಈಗ ಆ ಕೋಣೆಯ ಮೇಲ್ವಿಚಾರಕಿಯ ಕಾಯಂ ಹುದ್ದೆ ಖಾಲಿಯಾಗಿತ್ತು. ವಯಸ್ಸಿನ ಮಿತಿ ದಾಟಲು ಅವಳಿಗೆ ಏಳು ತಿಂಗಳಷ್ಟೇ ಉಳಿದಿತ್ತು. ಈ ಸಲ ತಪ್ಪಿದರೆ ತಪ್ಪಿದಂತೆಯೇ.

ಫಾರಮ್ಮಿನ ಹದಿನಾಲ್ಕನೇ ಕಾಲಂ ಹೀಗಿತ್ತು: 'ನಿಮ್ಮ ವಿರುದ್ಧ ಎಂದಾದರೂ ಕ್ರಿಮಿನಲ್ ಮೊಕದ್ದಮೆ ದಾಖಲಾಗಿತ್ತೇ?' ನಾನು ಸರಾಗವಾಗಿ 'ಇ' ಬರೆದಿದ್ದೆ, 'ಲ್ಲ' ಬಾಕಿಯಿತ್ತು.

"ಏಯ್, ಪೆನ್ನೆತ್ತು," ಎಂದಳು. "ಹೌದು ಅಂತ ಬರಿ. ಗೆದ್ದೆ ಅಂತಾನೂ ಬರಿ."

ಆ ಕೇಸು ನಮಗೆಲ್ಲ ಗೊತ್ತಿದ್ದದ್ದೇ, ಯಾರೂ ಬಾಯಿ ಬಿಡದೆ ಇದ್ದದ್ದು. ಇಪ್ಪತ್ತೇಳು ವರ್ಷದ ಹಿಂದೆ ಅವಳೊಂದು ಹೊಲಿಗೆ ಶೆಡ್ಡಿನಲ್ಲಿದ್ದಳು. ಎರಡು ಥಾನು ಬಟ್ಟೆ ಕದ್ದಳೆಂದು ಮಾಲೀಕ ದೂರು ಕೊಟ್ಟ. ಎರಡು ವರ್ಷ ಕೋರ್ಟಿನ ಕಟ್ಟೆ ಸವೆಸಿ ಅವಳು ಖುಲಾಸೆಯಾದಳು. ಕಳ್ಳತನದ ಸುದ್ದಿ ಒಂದೇ ದಿನದಲ್ಲಿ ಬೀದಿಯೆಲ್ಲ ಸುತ್ತಿತ್ತು. ಖುಲಾಸೆಯ ಸುದ್ದಿಗೆ ಮಾತ್ರ ಕಾಲು ಬರಲಿಲ್ಲ. ತೀರ್ಪಿನ ಪ್ರತಿ ವಕೀಲರ ಹತ್ತಿರವಿತ್ತು. ವಕೀಲರು ತೀರಿಕೊಂಡು ಹನ್ನೊಂದು ವರ್ಷ, ಅವರ ಕಚೇರಿಯೀಗ ಮೊಬೈಲ್ ರಿಪೇರಿ ಅಂಗಡಿ.

"ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಕೋತೀಯ?" ಎಂದರು ಚಿಕ್ಕಪ್ಪ.

"ಮುಟ್ಕೊಳ್ತಿಲ್ಲ. ಹೆಗಲು ತೋರಿಸ್ತಿದೀನಿ. ಬೂದಿ ಇದ್ರೆ ನೋಡ್ಲಿ."

ಆಸ್ಪತ್ರೆಯ ಆಡಳಿತಾಧಿಕಾರಿ ಅರ್ಜಿ ನೋಡಿ, ತೀರ್ಪಿನ ದೃಢೀಕೃತ ನಕಲನ್ನು ಹದಿನೈದು ದಿನದೊಳಗೆ ತರಬೇಕೆಂದರು. ಇಲ್ಲದಿದ್ದರೆ ಅರ್ಜಿ ತಿರಸ್ಕೃತ.

"ಅದೆಲ್ಲ ನನಗೆ ಬಿಡು ಚಿಕ್ಕಮ್ಮ," ಎಂದೆ. ಬಿಟ್ಟಳು. ನಾನು ಕೋರ್ಟಿನ ನಕಲು ವಿಭಾಗಕ್ಕೆ ಹೋಗಿ ಕೇಸಿನ ನಂಬರು, ವರ್ಷ, ಕೋರ್ಟು ಎಲ್ಲವನ್ನೂ ಮುತ್ತು ಪೋಣಿಸಿದಂತೆ ಬರೆದು, ಸ್ಟಾಂಪು ಅಂಟಿಸಿ, ಕೆಳಗೆ ನನ್ನ ಸಹಿ ಜಡಿದೆ. ಐದನೇ ದಿನ ಅರ್ಜಿ ವಾಪಸ್ ಬಂತು. ಷರಾ: 'ಅರ್ಜಿದಾರರು ಪ್ರಕರಣಕ್ಕೆ ಸಂಬಂಧಪಡದ ಮೂರನೇ ವ್ಯಕ್ತಿ.' ಹುಟ್ಟಿದ ದಿನ ನನ್ನನ್ನು ಮೊದಲು ಎತ್ತಿಕೊಂಡವಳು ಚಿಕ್ಕಮ್ಮ. ಅವಳಿಗೆ ನಾನು ಸಂಬಂಧಪಡದ ಮೂರನೆಯವನೆಂದು ಸರ್ಕಾರಿ ಮುದ್ರೆಯೇ ಬಿದ್ದಿತ್ತು.

"ಸಹಿ ಯಾರು ಹಾಕ್ಬೇಕು ಅಂತಾನೂ ಗೊತ್ತಿಲ್ಲದ ನೀನು ಊರೋರ ವಿಳಾಸ ತಿದ್ತೀಯ?" ಎಂದಳು. "ನಾಳೆ ನಾನೇ ಬರ್ತೀನಿ. ನೀನು ಚೀಲ ಹಿಡ್ಕೊ."

ಮರುದಿನ ನಾನು ಚೀಲ ಹಿಡಿದೆ, ಅವಳು ಸಹಿ ಹಾಕಿದಳು. ನಾಲ್ಕು ದಿನದ ನಂತರ ಬಂದ ಉತ್ತರದಲ್ಲಿ ಒಂದೇ ಸಾಲು: 'ಕಡತವು ಹಳೆಯದಾಗಿದ್ದು ನಾಶಪಡಿಸಲಾಗಿದೆ.' ಗಡುವಿಗೆ ಇನ್ನು ಐದು ದಿನವಿತ್ತು.

ನನ್ನ ಪಾಲಿಗೆ ಅಲ್ಲಿಗೆ ಕಥೆ ಮುಗಿದಿತ್ತು. ಸೋಲೊಪ್ಪಿಕೊಳ್ಳುವುದರಲ್ಲಿ ನನಗೆ ಒಳ್ಳೆಯ ಅನುಭವವಿದೆ. ಚಿಕ್ಕಮ್ಮ ಮಾತ್ರ ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕೈಚೀಲಕ್ಕೆ ಸೇರಿಸಿ, ನೇರವಾಗಿ ದಾಖಲೆ ಕೊಠಡಿಯ ಬಾಗಿಲಿಗೆ ನಡೆದಳು.

ಅದು ಕೋರ್ಟಿನ ಹಿಂಭಾಗದಲ್ಲಿ, ಸೈಕಲ್ ನಿಲ್ಲಿಸುವ ಜಾಗದ ಪಕ್ಕದಲ್ಲಿತ್ತು. ಸೂರಿನವರೆಗೂ ಕಬ್ಬಿಣದ ಅಟ್ಟಣೆ. ಅದರ ತುಂಬ ಬಟ್ಟೆಯಲ್ಲಿ ಕಟ್ಟಿದ ಕಾಗದದ ಗಂಟುಗಳು. ನಡುವೆ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡ ಗುಮಾಸ್ತರು. ನೋಡಿದರೆ ಅವರೇ ಏನನ್ನೋ ದೋಚಲು ಬಂದವರಂತಿದ್ದರು.

"ಸುಟ್ಟುಹೋಗಿದೆ ತಾಯಿ. ಹಿಂಬರಹ ಕೊಟ್ಟಿದೀವಲ್ಲ?" ಎಂದರು ಅವರು ಕೆಮ್ಮುತ್ತಾ.

"ಕೊಟ್ಟಿದೀರಿ ಸ್ವಾಮಿ, ಓದಿದೆ. ಸುಟ್ಟ ಪುಸ್ತಕ ತೋರಿಸಿ."

"ಸುಟ್ಟಿದ್ದನ್ನ ಹೇಗಮ್ಮ ತೋರ್ಸೋದು?"

"ಸುಟ್ಟಿದ್ದನ್ನಲ್ಲ, ಸುಟ್ವಿ ಅಂತ ಬರೆದಿಟ್ಟ ಪುಸ್ತಕ. ನಮ್ಮಾಸ್ಪತ್ರೇಲಿ ಒಂದು ದಿಂಬಿನ ಚೀಲ ಚಿಂದಿಯಾದ್ರೂ ಸುಮ್ನೆ ಬಿಸಾಕೋ ಹಾಗಿಲ್ಲ. ರದ್ದು ಪುಸ್ತಕದಲ್ಲಿ ಬರೀಬೇಕು, ಇಬ್ಬರು ಸಹಿ ಹಾಕ್ಬೇಕು, ಆಮೇಲೆ ಬೆಂಕಿ. ನಾನು ಮನುಷ್ಯಳು, ನನ್ನ ಹೆಸರಿರೋ ಕಾಗದ ದಿಂಬಿನ ಚೀಲಕ್ಕಿಂತ ಕಡೇನಾ?"

ಗುಮಾಸ್ತರು ನನ್ನತ್ತ ನೋಡಿದರು. ನಾನು ಮೂರನೇ ವ್ಯಕ್ತಿಗೆ ತಕ್ಕ ಮುಖ ಮಾಡಿಕೊಂಡು ಅಟ್ಟಣೆಯನ್ನು ನೋಡಿದೆ.

"ಅದಕ್ಕೆ ಬೇರೆ ಅರ್ಜಿ ಹಾಕ್ಬೇಕಾಗತ್ತೆ," ಎಂದರು.

"ಹಾಕ್ತೀನಿ." ಅಲ್ಲೇ ಕಿಟಕಿಯ ಕಟ್ಟೆಯ ಮೇಲೆ ಕಾಗದ ಇಟ್ಟು, ನನ್ನ ಬೆನ್ನನ್ನು ಮೇಜು ಮಾಡಿಕೊಳ್ಳುವ ಅಗತ್ಯ ಬೀಳಲಿಲ್ಲವಲ್ಲ ಎಂದು ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಬರೆದು ಮುಗಿಸಿದಳು: ನನ್ನ ಕೇಸಿನ ಕಾಗದಗಳನ್ನು ಯಾವ ತಾರೀಖು, ಯಾರ ಸಹಿಯಿಂದ ನಾಶ ಮಾಡಿದಿರೋ ಆ ಪುಟದ ನಕಲು ಕೊಡಿ. ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡಳು. ಆಮೇಲೆ ಬಾಗಿಲಿನ ಪಕ್ಕದ ಬೆಂಚಿನ ಮೇಲೆ ಕೂತಳು.

"ಇವತ್ತೇ ಸಿಗಲ್ಲಮ್ಮ, ಮನೆಗ್ಹೋಗಿ."

"ನೀವು ನಿಮ್ಮ ಕೆಲಸ ಮಾಡಿ ಅಣ್ಣ, ನಾನೇನು ತೊಂದ್ರೆ ಕೊಡ್ತಿದೀನಾ? ಕೂತಿದೀನಿ ಅಷ್ಟೆ."

ಎರಡು ದಿನ ಕೂತಳು. ರಜೆ ಹಾಕಿ, ಊಟದ ಡಬ್ಬಿ ತಂದು. ಬಂದುಹೋಗುವವರು ಅವಳನ್ನೇ ಸಿಬ್ಬಂದಿಯೆಂದು ತಿಳಿದು ವಿಚಾರಿಸತೊಡಗಿದರು. ಅವಳೂ "ಅರ್ಜೀಲಿ ನಿಮ್ಮದೇ ಸಹಿ ಇರ್ಬೇಕು, ಮನೇಲಿ ಬುದ್ಧಿವಂತರಿದ್ರೆ ಅವರ ಕೈಗೆ ಕೊಡ್ಬೇಡಿ" ಎಂದು ಸಲಹೆ ಕೊಡತೊಡಗಿದಳು. ಎರಡನೇ ದಿನ ಮಧ್ಯಾಹ್ನ ಗುಮಾಸ್ತರಿಗೆ ತಡೆಯಲಾಗಲಿಲ್ಲ. ಏಣಿ ಹತ್ತಿ, ನಾಶದ ಪುಸ್ತಕ ಇಳಿಸಿ, ಧೂಳು ಕೊಡವಿ, ಬೆರಳಿನಿಂದ ಸಾಲು ಹುಡುಕಿದರು. ಬೆರಳು ನಿಂತಿತು. ಕರವಸ್ತ್ರ ಗಲ್ಲಕ್ಕೆ ಜಾರಿತು.

'ಸಾಕ್ಷಿ ಹೇಳಿಕೆ ಮತ್ತು ಇತರೆ ಕಾಗದ ನಾಶ. ತೀರ್ಪು ಉಳಿಸಿದೆ.'

"ನಾವು ಪುಸ್ತಕ ನೋಡ್ದೇನೇ ಬರೆದುಬಿಟ್ವಿ ತಾಯಿ," ಎಂದರು ಅವರು. ಅವರ ಮುಖದಲ್ಲಿದ್ದ ನಾಚಿಕೆ ನಿಜವಾದದ್ದು. ಅವತ್ತೇ ಗಂಟು ಬಿಚ್ಚಿದರು. ಮರುದಿನ ನಾಲ್ಕು ಪುಟದ ನಕಲು, ಹಿಂದೆ ನೇರಳೆ ಮುದ್ರೆ.

ಮನೆಗೆ ತಂದು ಜೋರಾಗಿ ಓದಿದವನು ನಾನೇ. ಕೊನೆಯ ಪುಟಕ್ಕೆ ಬಂದಾಗ ದನಿ ತಾನಾಗಿ ಇಳಿಯಿತು. 'ಸಂಶಯದ ಲಾಭವನ್ನು ನೀಡಿ ಆರೋಪಿಯನ್ನು ಬಿಡುಗಡೆ ಮಾಡಲಾಗಿದೆ.'

ಇಪ್ಪತ್ತೈದು ವರ್ಷ ಅವಳು 'ಗೆದ್ದೆ' ಎಂದುಕೊಂಡು ಬಂದದ್ದಕ್ಕೆ ಕೋರ್ಟು ಇಟ್ಟಿದ್ದ ಹೆಸರು ಅದು: ಕದ್ದಿಲ್ಲ ಎಂದಲ್ಲ, ಕದ್ದದ್ದು ಸಾಬೀತಾಗಲಿಲ್ಲ ಎಂದಷ್ಟೇ. ಚಿಕ್ಕಮ್ಮ ಕಾಗದ ಈಸಿಕೊಂಡು, ಒಂದು ಪುಟ ಹಿಂದಕ್ಕೆ ತಿರುವಿ ನನ್ನ ಕೈಗೇ ಕೊಟ್ಟಳು.

"ಮೂರನೇ ಪುಟ ಇನ್ನೊಂದ್ಸಲ ಓದು."

ಓದಿದೆ. ಶೆಡ್ಡಿಗೆ ಇದ್ದ ಎರಡು ಬೀಗದ ಕೈಯೂ ತನ್ನ ಭಾವಮೈದುನನ ಬಳಿ ಇತ್ತೆಂದು ಮಾಲೀಕನೇ ಪಾಟೀಸವಾಲಿನಲ್ಲಿ ಒಪ್ಪಿಕೊಂಡಿದ್ದ.

"ಪೂರ್ತಿ ಕೊಡೋಣ. ನಾಲ್ಕೂ ಪುಟ," ಎಂದಳು.

ಗಡುವಿನ ಹಿಂದಿನ ದಿನ ಆಡಳಿತಾಧಿಕಾರಿಯ ಮುಂದೆ ನಿಂತೆವು. ಅವರು ಕೊನೆಯ ಪುಟವನ್ನು ಎರಡು ಸಲ ಓದಿ, ಬಾಗಿಲತ್ತ ನೋಡಿ, ದನಿ ತಗ್ಗಿಸಿದರು. "ನೋಡಮ್ಮ, ನಿನ್ನ ಕೆಲಸ ನಾನು ಕಂಡಿದೀನಿ. ಈ ಸಂಶಯ ಗಿಂಶಯ ಮೇಲಿನೋರು ಓದಿದ್ರೆ ಸುಮ್ನೆ ಎಳೀತಾರೆ. ಹೊಸ ಫಾರಂ ಕೊಡ್ತೀನಿ, 'ಇಲ್ಲ' ಅಂತ ಬರಿ. ಹಳೇದನ್ನ ಹರಿದುಹಾಕ್ತೀನಿ. ಯಾರೂ ಕೇಳಲ್ಲ."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ನಾನು ಕೋಲೆ ಬಸವನಂತೆ ತಲೆಯಾಡಿಸಿಯೂಬಿಟ್ಟಿದ್ದೆ.

"ಬೇಡ ಸಾರ್," ಎಂದಳು ಚಿಕ್ಕಮ್ಮ. "ಕದ್ದಿಲ್ಲ ಅಂತ ಹೇಳೋಕೆ ಸುಳ್ಳು ಯಾಕೆ ಬರೀಬೇಕು? ಮೂರನೇ ಪುಟಕ್ಕೆ ಗುರುತು ಹಾಕಿದೀನಿ, ಓದಿ ಕಳಿಸಿ. ಕೊಡಲ್ಲ ಅಂದ್ರೆ ಯಾಕೆ ಕೊಡಲ್ಲ ಅಂತ ಅವರೇ ಬರೀಲಿ."

ಅಧಿಕಾರಿ ಮೂರನೇ ಪುಟ ಓದಿದರು. ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದು 'ಶಿಫಾರಸು ಮಾಡಿದೆ' ಎಂದು ಬರೆದು ಸಹಿ ಹಾಕಿದರು.

ಮೇಲಿನವರು ಎಳೆದರು, ಐದು ವಾರ. ಆರನೇ ವಾರ ಆದೇಶ ಬಂತು.

ಮೇಲ್ವಿಚಾರಕಿಯಾದ ಮೊದಲ ಸೋಮವಾರ ನಾನು ಅವಳ ಕನ್ನಡಕ ಕೊಡಲು ಬಟ್ಟೆ ಕೋಣೆಗೆ ಹೋಗಿದ್ದೆ. ಹೊಸದಾಗಿ ಸೇರಿದ್ದ ಆಯಾ ಒಬ್ಬಳು ಅತ್ತಿತ್ತ ನೋಡಿ, ಪಿಸುದನಿಯಲ್ಲಿ ಕೇಳುತ್ತಿದ್ದಳು: "ಅಕ್ಕಾ, ನಿಮ್ಮ ಮೇಲೆ ಏನೋ ಕಳ್ಳತನದ ಕೇಸಿತ್ತಂತೆ, ನಿಜಾನಾ?"

"ಹೂಂ, ಇತ್ತು," ಎಂದಳು ಚಿಕ್ಕಮ್ಮ, ಆಚೆ ವಾರ್ಡಿಗೂ ಕೇಳುವ ದನಿಯಲ್ಲಿ. "ಆ ಹಾಸಿನ ಇನ್ನೊಂದು ತುದಿ ಹಿಡ್ಕೊ. ಮಡಚ್ತಾ ಮಡಚ್ತಾ ಹೇಳ್ತೀನಿ."