ಕತೆ ಕೇಳಿದ ಸೀರೆ

ಪುಸ್ತಕ ಕಂಡರೆ ಕೈ ನಡುಗುವ ಟೀಚರನ್ನು ನೀವು ನೋಡಿರಲಿಕ್ಕಿಲ್ಲ. ನಾನು ಅಂಥವಳು ಆಗುವುದರಲ್ಲಿದ್ದೆ.

ತೆಲುಗು ಸೀಮೆಯ ಗದ್ವಾಲದಲ್ಲಿ ಖೋಲಿ ಹಿಡಿದು ಟೀಚರ್ ಪರೀಕ್ಷೆಗೆ ಓದುತ್ತಿದ್ದೆ. ಪ್ರತ್ಯೇಕ ರಾಜ್ಯದ ಹೋರಾಟ ಕಾವೇರಿದ ದಿನಗಳವು. ಇವತ್ತು ಬಂದ್, ನಾಳೆ ರಸ್ತೆ ತಡೆ. ಪರೀಕ್ಷೆ ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು. ರಾಜ್ಯ ಬೇಕೆಂದು ನಾನೂ ಗಂಟಲು ಹರಿಯುವಂತೆ ಕೂಗಿದವಳೇ. ಆದರೆ ಗೈಡಿನ ಅವೇ ಪ್ರಶ್ನೆಗಳನ್ನು ಎಷ್ಟನೆಯದೋ ಸಲ ಬಾಯಿಪಾಠ ಮಾಡುವಾಗ ತಲೆಯೊಳಗೆ ಏನೋ ಕಳಚಿಕೊಂಡಿತು. ಪುಟ ತೆರೆದರೆ ಅಕ್ಷರಗಳು ಅಲುಗಾಡುತ್ತಿದ್ದವು. ಅಂಗೈ ಬೆವರುತ್ತಿತ್ತು, ಉಸಿರು ಸಿಕ್ಕಿಕೊಳ್ಳುತ್ತಿತ್ತು. ಒಂದು ದಿನ ಗಂಟುಮೂಟೆ ಕಟ್ಟಿಕೊಂಡು ನಾರಾಯಣಪೇಟೆಗೆ, ಮನೆಗೆ, ಬಂದುಬಿಟ್ಟೆ.

ಡಾಕ್ಟರು ಗುಳಿಗೆ ಬರೆದುಕೊಟ್ಟರು. ಅಪ್ಪ ಬಿಸಿಲು ಬಡಿದಿರಬೇಕು ಎಂದ. ನಾನು ಗೈಡುಗಳನ್ನೆಲ್ಲ ಅಟ್ಟಕ್ಕೆ ಎಸೆದು, ಎದುರಿಗೆ ಬಂದವರ ಮೇಲೆಲ್ಲ ಹರಿಹಾಯುತ್ತಾ ಕೂತೆ. ಇನ್ನು ಈ ಜನ್ಮದಲ್ಲಿ ಓದಲಾರೆನೇನೋ ಎಂಬ ಹೆದರಿಕೆಯನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ನಮ್ಮ ಪಡಸಾಲೆಯಲ್ಲಿ ದೊಡ್ಡವ್ವನ ಮಗ್ಗ ಇತ್ತು. ದೊಡ್ಡಪ್ಪನ ಹೆಂಡತಿ ಅವಳು, ಮಖ್ತಲ್ಲಿನವಳು. ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತಳೆಂದರೆ ಎರಡು ಕೈ, ಎರಡು ಕಾಲು, ನಾಲ್ಕಕ್ಕೂ ಕೆಲಸ: ಕಾಲು ತುಳಿಯಬೇಕು, ಒಂದು ಕೈ ಲಾಳಿ ಓಡಿಸಬೇಕು, ಇನ್ನೊಂದು ಹಾದುಹೋದ ಎಳೆಯನ್ನು ಬಡಿದು ಬಿಗಿಮಾಡಬೇಕು. ಬಾಯಿ ಮತ್ತು ಕಿವಿ ಮಾತ್ರ ಬಿಡುವಾಗಿರುತ್ತಿದ್ದವು. ಬಾಯಿಗೆ ನಾನೇ ಜಗಳ ತೆಗೆದು ಕೆಲಸ ಕೊಡುತ್ತಿದ್ದೆ.

ಒಂದು ಮಧ್ಯಾಹ್ನ ಅವಳು, “ನನ್ನ ಟ್ರಂಕಿನ್ಯಾಗ ಒಂದು ಕತಿ ಪುಸ್ತಕ ಐತಿ, ತಗಂಬಾ,” ಎಂದಳು. “ಮದಿವ್ಯಾಗಿ ಬರೋವಾಗ ತಂದಿದ್ದೆ. ನಮ್ಮಪ್ಪ ಅರ್ಧ ಓದಿ ಹೇಳಿದ್ದ. ಮುಂದ ಏನಾತೋ ಇವತ್ತಿಗೂ ಗೊತ್ತಿಲ್ಲ.”

“ನನಗ ಓದಾಕ ಆಗಂಗಿಲ್ಲ ದೊಡ್ಡವ್ವ.”

“ಯಾಕವ್ವಾ? ನಾನೇನು ಪರೀಕ್ಷಾ ಇಟ್ಟೀನೇನು? ನೀ ತಪ್ಪು ಓದಿದ್ರೂ ನನಗ ಗೊತ್ತಾಗಂಗಿಲ್ಲ. ನನಗ ಅಕ್ಷರ ಬರ್ತಿದ್ರ ನಿನ್ನ ಕೈಕಾಲು ಯಾಕ ಹಿಡಿತಿದ್ದೆ?”

ಪುಸ್ತಕಕ್ಕೆ ರಟ್ಟು ಇರಲಿಲ್ಲ, ಹೆಸರೂ ಇರಲಿಲ್ಲ. ಮೊದಲ ದಿನ ಬೆರಳಿಟ್ಟುಕೊಂಡು ಒಂದೇ ಪುಟ ಓದಿದೆ. ಅಕ್ಷರಗಳು ಅಲುಗಾಡಿದವು. ಆದರೆ ಮಗ್ಗದ ಸದ್ದಿನ ನಡುವೆ ಅವಸರದಿಂದ ಓದಿದರೆ ಮಾತು ಕೇಳಿಸುತ್ತಿರಲಿಲ್ಲ. ಲಾಳಿ ಆಚೆ ಹೋಗಿ ಈಚೆ ಬರುವಷ್ಟರಲ್ಲಿ ಒಂದು ಸಾಲು, ಅಷ್ಟೇ. ಉಸಿರು ತಾನಾಗಿ ಆ ಲೆಕ್ಕಕ್ಕೆ ಬಂತು. ಗೈಡಿನ ಚಾಳಿಗೆ, ನಾಯಕಿಯ ಗಂಡನ ಊರು ಯಾವುದೆಂದು ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳುತ್ತಿದ್ದೆ. ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಐದಾರು ದಿನ ಕಳೆದ ಮೇಲೆ ನೋಡುತ್ತೇನೆ, ಹತ್ತು ಪುಟ ಓದಿ ಮುಗಿಸಿದ್ದೆ, ಅಂಗೈ ಒಣಗಿಯೇ ಇತ್ತು.

ಕತೆಯಲ್ಲೊಬ್ಬಳು ಸೊಸೆ. ಅವಳ ಅತ್ತೆ ಅವಳಿಗೆ ತವರಿನಿಂದ ಬಂದ ಕಾಗದಗಳನ್ನು ಒಲೆಗೆ ಹಾಕುತ್ತಿದ್ದಳು. ದೊಡ್ಡವ್ವ ಪಕ್ಕದ ಮನೆಯ ಸಂಗತಿ ಕೇಳಿದಂತೆ ಆ ಅತ್ತೆಗೆ ಶಾಪ ಹಾಕುತ್ತಾ ನೇಯುತ್ತಿದ್ದಳು. ಕೊನೆಗೆ ಸೊಸೆ ಹೊಳೆ ತುಂಬಿ ಬಂದ ದಿನ ಹರಿಗೋಲು ಹತ್ತಿ ತವರಿಗೆ ಹೊರಟಳು. ಅವತ್ತು ನಾನು ಎರಡು ತಾಸು ಓದಿದೆ.

ಸೀರೆ ಮುಗಿಯಿತು. ದೊಡ್ಡವ್ವನ ಸೀರೆಗಳನ್ನು ಕೊಳ್ಳುವ ಸಾವಕಾರರ ಅಂಗಡಿಗೆ ಇಬ್ಬರೂ ಒಯ್ದೆವು. ಅವರು ಅದನ್ನು ಬೆಳಕಿಗೆ ಹಿಡಿದು, “ಇದೇಂದಮ್ಮಾ?” ಎಂದು ತೆಲುಗಿನಲ್ಲಿ ಶುರುಮಾಡಿ ಕನ್ನಡಕ್ಕೆ ಬಂದರು. “ಇಷ್ಟು ವರ್ಷದಾಗ ನಿನ್ನ ಸೀರಿ ಹಿಂಗ ಬಂದಿಲ್ಲ. ಇಲ್ಲಿ ನೋಡಿದ್ರ ಚೌಕಳಿ ಚಪ್ಪಟಿ ಆಗ್ಯಾವ. ಇಲ್ಲಿ ಪೂರಾ ಜಾಳು, ಎಳಿ ಬಿಗೀನೇ ಇಲ್ಲ.”

ದೊಡ್ಡವ್ವ ಮುಖ ಸಣ್ಣ ಮಾಡಿಕೊಂಡು ಹೇಳಿದಳು: “ಅಲ್ಲಿ ಅತ್ತಿ ಭಾಳ ಕಾಡಿದ್ಲರೀ, ಸಿಟ್ಟಿಗೆ ಜೋರು ಬಡದೀನಿ. ಇಲ್ಲಿ ಆಕಿ ನಡು ಹೊಳ್ಯಾಗ ಇದ್ಲು. ಸರಿಯಾಗಿ ಬಡಿಯಾಕ ಕೈಯೇ ಬರಲಿಲ್ಲರೀ.”

ಪುಸ್ತಕದ ವಿಷಯ ನಾನು ಬಿಡಿಸಿ ಹೇಳಿದೆ. ಸಾವಕಾರರು ಸೀರೆಯನ್ನು ಮಡಿಚುತ್ತಾ, ಸುಮ್ಮನಿರಲಾರದೆ ಕೇಳಿದರು: “ದಾಟಿದ್ಲೇನು?”

“ದಾಟಿದ್ಲರೀ,” ಎಂದೆ.

“ಛಲೋ ಆತು. ಆದ್ರ ಸೀರಿ ನಾ ತಗಳಂಗಿಲ್ಲ.”

ದಾರಿಯುದ್ದಕ್ಕೂ ನಕ್ಕೆ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕೆ. ಎಷ್ಟೋ ತಿಂಗಳ ಮೇಲಿನ ನಗು ಅದು. ಮೊದಮೊದಲು ಬೈಯುತ್ತಿದ್ದ ದೊಡ್ಡವ್ವನೂ ಆಮೇಲೆ ನಕ್ಕಳು. ಅಂದಿನಿಂದ ಕತೆ ಬಿಗಿಯಾದ ಕಡೆ ಮಗ್ಗ ನಿಲ್ಲಿಸಬೇಕೆಂಬ ಕಟ್ಟಳೆ ಆಯಿತು. ಗೆಳತಿಯರಿಂದ, ಶಾಲೆಯ ಕಪಾಟಿನಿಂದ ಪುಸ್ತಕ ತಂದು ಓದಿದೆ. ಓದು ನನ್ನನ್ನು ವಾಸಿಮಾಡಿತೆಂದು ಡಂಗುರ ಹೊಡೆಯುವುದಿಲ್ಲ, ಡಾಕ್ಟರ ಗುಳಿಗೆಯನ್ನೂ ನುಂಗಿದ್ದೇನೆ. ಆದರೆ ದಿನಕ್ಕೆ ಒಂದು ತಾಸು ಇನ್ನೊಬ್ಬರ ಕಷ್ಟದಲ್ಲಿ ಮುಳುಗಿ ಎದ್ದರೆ, ನನ್ನದು ಹೊರಲಾರದಷ್ಟು ಭಾರ ಎನಿಸುತ್ತಿರಲಿಲ್ಲ. ಆಗ ಸುಖವಾಗಿದ್ದೆ, ಸುಳ್ಳೇಕೆ ಹೇಳಲಿ.

ಹೊಸ ರಾಜ್ಯ ಬಂತು. ಬಹಳ ತಡವಾಗಿ ಪರೀಕ್ಷೆಯೂ ಬಂತು, ಅದೂ ಗದ್ವಾಲದಲ್ಲೇ. ಹೊರಡುವ ಬೆಳಿಗ್ಗೆ ದೊಡ್ಡವ್ವ ಆ ಸೀರೆ ತಂದು ಮುಂದಿಟ್ಟಳು.

“ಸಾವಕಾರ್ರು ಒಲ್ಲೆ ಅಂದದ್ದು ನನಗ್ಯಾಕ?” ಎಂದು ರೇಗಿದೆ.

“ಬ್ಯಾರೆ ಯಾರು ಉಡ್ತಾರ ಅದನ್ನ? ಸುಮ್ನ ಉಟ್ಕಂಡು ಹೋಗು.”

ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಅಕ್ಷರಗಳು ಮತ್ತೆ ಅಲುಗಾಡಿದವು. ಎಲ್ಲ ಮುಗಿಯಿತು, ಎದ್ದು ಹೋಗೋಣ ಎನಿಸಿತು. ಬೆವೆತ ಅಂಗೈಯನ್ನು ಸೆರಗಿಗೆ ಒರೆಸಿಕೊಂಡೆ. ಬೆರಳಿಗೆ ಮೊದಲು ಆ ದಪ್ಪ ಪಟ್ಟಿ ಸಿಕ್ಕಿತು, ಅತ್ತೆ ಕಾಡಿದ ಜಾಗ. ಇನ್ನೊಂದಿಷ್ಟು ಸರಿಸಿದರೆ ಜಾಳು. ಅಲ್ಲಿ ಅವಳು ನಡು ಹೊಳೆಯಲ್ಲಿದ್ದಳು. ಸಾವಕಾರರ ಮುಖ ನೆನಪಾಗಿ ಕಿಸಕ್ಕನೆ ನಕ್ಕುಬಿಟ್ಟೆ. ಮೇಲ್ವಿಚಾರಕರು ಹತ್ತಿರ ಬಂದು ದುರುಗುಟ್ಟಿ ನೋಡಿದರು. ನಾನು ಮನಸ್ಸಿನಲ್ಲೇ ಲಾಳಿಯನ್ನು ಆಚೆ ಕಳಿಸಿ, ಅದು ಈಚೆ ಬರುವಷ್ಟರಲ್ಲಿ ಮೊದಲ ಪ್ರಶ್ನೆ ಓದಿದೆ. ಆಮೇಲೆ ಎರಡನೆಯದು. ಗಂಟೆ ಹೊಡೆಯುವವರೆಗೂ ಎದ್ದೇಳಲಿಲ್ಲ.

ಸಂಜೆ ಮನೆಗೆ ಬಂದಾಗ ದೊಡ್ಡವ್ವ ಮಗ್ಗದಲ್ಲಿದ್ದಳು. ಕೈ ನಿಲ್ಲಿಸಿ ನನ್ನನ್ನು ನೋಡಿದಳು.

“ದಾಟಿದ್ಯೇನು?”

“ದಾಟಿದೆ ದೊಡ್ಡವ್ವ. ಪಾಸೋ ಫೇಲೋ ಆಮ್ಯಾಲೆ ನೋಡೋಣು.”

“ಹಂಗಾದ್ರ ಕೈಕಾಲು ತೊಳಕಂಡು ಬಾ. ನಿನ್ನಿ ಓದಿದ್ದು ಅರ್ಧಕ್ಕ ನಿಂತೈತಿ.”