ಹಾಡಿನ ನಡುವೆ ಹಾಕಿದ ದೀಪ

ತುಂಬಿದ ಸಭೆಯಲ್ಲಿ ತನ್ನನ್ನು ಕತ್ತೆ ಎಂದ ಸ್ಯಾಕ್ಸೋಫೋನಿನವನ ಮೇಲೆ ಸಭಾಂಗಣದ ಲೈಟಿನವನಿಗೆ ಇವತ್ತಿಗೂ ಸಿಟ್ಟಿದೆ. ಆ ಸ್ಯಾಕ್ಸೋಫೋನಿನವನ ರಾಕ್ ತಂಡದ ಹಾಡುಗಳು ಜಾಸ್ ಬೆರೆತ ಮಾರುದ್ದದವು. ಅಭಿಮಾನಿಗಳು ಪ್ರತಿ ಸಲವೂ ಕೂಗಿ ಕೇಳುವ ಹಾಡಿನ ನಡುವೆ ವಾದ್ಯಗಳೆಲ್ಲ ಸುಮ್ಮನಾಗುತ್ತವೆ. ಕತ್ತಲಲ್ಲಿ ಜನ ಉಸಿರು ಬಿಗಿಹಿಡಿದು ಕಾಯುತ್ತಾರೆ. ಹಾಡು ಮುಗಿಯಿತೆಂದುಕೊಂಡು ಲೈಟಿನವನು ಒಮ್ಮೆ ಅಲ್ಲೇ ದೀಪ ಹಾಕಿಬಿಟ್ಟಿದ್ದ.

"ಲೋ ಕತ್ತೆ, ಹಾಡಿನ ಜೀವಾನೇ ತೆಗೆದ್ಯಲ್ಲೋ!"

ಮುಂದಿನ ಕಾರ್ಯಕ್ರಮದಲ್ಲಿ, ಅದೇ ಮೌನದಲ್ಲಿ, ಸ್ವಿಚ್ ಬೋರ್ಡಿನಿಂದ ಸುಟ್ಟ ವಾಸನೆ ಬಂತು. ಬಾಯಿಬಿಟ್ಟರೆ ಮತ್ತೆ ಬೈಗುಳ, ಸುಮ್ಮನಿದ್ದರೆ ಬೆಂಕಿ. ಆ ಜನರ ಮಧ್ಯೆ ಲೈಟಿನವನ ಹೆಂಡತಿಯೂ ಕೂತಿದ್ದಳು. ಅವನು ಮೇನ್ ಸ್ವಿಚ್ ಎಳೆದ. ಬಾಗಿಲ ಮೇಲಿನ ಪುಟ್ಟ ದೀಪವೂ ಆರಿತು.

"ವೈರು ಸುಡ್ತಿದೆ, ಎಲ್ರೂ ಹೊರಗೆ ನಡೀರಿ!"

ಕುರ್ಚಿಗಳು ಉರುಳಿದವು, ಯಾರೋ ಚೀರಿದರು. ಹೆಂಡತಿ ಕಾಲ್ತುಳಿತಕ್ಕೆ ಸಿಕ್ಕಳೆಂದೇ ಅವನ ಜೀವ ಬಾಯಿಗೆ ಬಂತು. ಆಗ ಆ ಕತ್ತಲಲ್ಲಿ ಸ್ಯಾಕ್ಸೋಫೋನಿನ ದನಿ ಎದ್ದಿತು. ಹಾಡಿನ ಉಳಿದರ್ಧವನ್ನು ನುಡಿಸುತ್ತಲೇ ಸ್ಯಾಕ್ಸೋಫೋನಿನವನು ಬಾಗಿಲ ಕಡೆಗೆ ನಿಧಾನವಾಗಿ ನಡೆದ. ನೂಕುತ್ತಿದ್ದ ಜನ ಆ ದನಿಯ ಹಿಂದೆ ಸಾಲಾಗಿ ಹೊರಬಂದರು, ಹೆಂಡತಿಯೂ ಬಂದಳು.

"ಹೋಗಿ ಅವ್ರಿಗೊಂದು ಒಳ್ಳೆ ಮಾತು ಹೇಳ್ಬಾರ್ದೇನ್ರೀ?" ಎಂದಳು.

"ಕತ್ತೆ ಅಂದಿದ್ದನ್ನ ಮೊದ್ಲು ಅವ್ನು ವಾಪಸ್ ತಗೊಳ್ಳಲಿ!"

ಅವನು ತೆಗೆದುಕೊಳ್ಳಲಿಲ್ಲ, ಇವನು ಹೇಳಲಿಲ್ಲ. ಹೆಂಡತಿಯನ್ನು ಉಳಿಸಿಕೊಟ್ಟ ಋಣ ಹಾಗೆಯೇ ಉಳಿದಿದೆ.