ರಾಚಯ್ಯ ಕಿವಿಗೆ ಹಿಡಿದ ಬಲ್ಬುಗಳು

ತಿ. ನರಸೀಪುರದ ತಾಲ್ಲೂಕು ಕಚೇರಿಯ ಹತ್ತಿರ ನಾನು ಮೂವತ್ತೊಂದು ವರ್ಷದಿಂದ ಪತ್ರ ಬರೆಯುತ್ತಿದ್ದೇನೆ. ಪತ್ರ ಎಂದರೆ ಕ್ರಯಪತ್ರ, ವಿಭಾಗಪತ್ರ, ಹಕ್ಕುಖುಲಾಸೆ ಪತ್ರ. ಈ ಕಸುಬಿನಲ್ಲಿ ಮನುಷ್ಯನಿಗೆ ಒಂದು ಗುಣ ಬೆಳೆಯುತ್ತದೆ: ಯಾರು ಏನು ಹೇಳಿದರೂ ನಂಬದೆ, ಮುಖ ಮಾತ್ರ ನಂಬಿದವನಂತೆ ಇಟ್ಟುಕೊಂಡು ಬರೆದುಕೊಳ್ಳುವುದು. ಇಂಥ ನಾನು ಪಕ್ಕದ ಗುಜರಿ ಅಂಗಡಿಯ ರಾಚಯ್ಯನ ವಿಷಯದಲ್ಲಿ ಎರಡು ವರ್ಷ ಸತತವಾಗಿ ಸುಳ್ಳು ಹೇಳಿದೆ. ಬರವಣಿಗೆಯಲ್ಲಿ ಅಲ್ಲ, ಬಾಯಿ ಮುಚ್ಚಿಕೊಂಡು.

ಅಂಗಡಿ ಗುರುಮಲ್ಲಪ್ಪನವರದು. ಕಬ್ಬಿಣ, ರಟ್ಟು, ಪ್ಲಾಸ್ಟಿಕ್ಕು, ಹಳೆ ಬ್ಯಾಟರಿ ಏನೇ ಬಂದರೂ ತೂಗಿ ಎಸೆಯುವುದಕ್ಕೆ ಬೇರೆ ಆಳುಗಳಿದ್ದಾರೆ. ಬಲ್ಬು ಮಾತ್ರ ರಾಚಯ್ಯನ ಇಲಾಖೆ. ತನ್ನೂರು ಹೆಮ್ಮಿಗೆಯಿಂದ ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಬಂದು, ಯಾವುದೋ ಶಾಲೆಯಿಂದ ಗುಜರಿಗೆ ಬಿದ್ದ ಬೆಂಚಿನ ಮೇಲೆ ಕೂತರೆ ಸಂಜೆ ಐದರವರೆಗೆ ಹಳೆ ಬಲ್ಬುಗಳಿಂದ ಹಿತ್ತಾಳೆ ಬಿಡಿಸುವುದೇ ಕೆಲಸ. ಎಲ್‌ಇಡಿ ಬಂದಮೇಲೆ ಛತ್ರ, ರೈಸ್‌ಮಿಲ್ಲು, ಹಾಸ್ಟೆಲ್ಲುಗಳ ಗುಂಡು ಬಲ್ಬುಗಳೆಲ್ಲ ಮೂಟೆಗಟ್ಟಿ ಇಲ್ಲಿಗೆ ಬರತೊಡಗಿದವು. ಕಾಲ ಬದಲಾಯಿತು ಎಂದು ಉಳಿದವರು ಪೇಪರಿನಲ್ಲಿ ಓದಿ ತಿಳಿದುಕೊಂಡರು, ರಾಚಯ್ಯ ಮೂಟೆ ಇಳಿಸಿಕೊಂಡು ತಿಳಿದುಕೊಂಡ.

ಕೆಲಸ ನೋಡುವುದಕ್ಕೆ ಸುಲಭ. ಬಲ್ಬನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಸುತ್ತಿಗೆಯಿಂದ ಒಂದು ತಟ್ಟು. ಗಾಜು ಗೋಣಿಯಲ್ಲೇ ಉಳಿಯುತ್ತದೆ, ಹೋಲ್ಡರಿಗೆ ಸಿಕ್ಕಿಸುವ ಲೋಹದ ಟೋಪಿ ಕೈಗೆ ಬರುತ್ತದೆ. ಟೋಪಿಯ ಒಳಗೆ ಅಂಟಿದ ಗಾರೆಯಂಥದ್ದನ್ನು ಮೊಳೆಯಿಂದ ಕೆರೆದು, ತಳದ ಎರಡು ಸೀಸದ ಬೊಟ್ಟುಗಳನ್ನು ಬಿಸಿ ತಗಡಿನ ಮೇಲೆ ಕರಗಿಸಿ ಇಳಿಸಬೇಕು. ಹಿತ್ತಾಳೆ ಟೋಪಿ ಒಂದು ಡಬ್ಬಕ್ಕೆ, ಅಲ್ಯುಮಿನಿಯಂ ಟೋಪಿ ಇನ್ನೊಂದಕ್ಕೆ. ಸೀಸವನ್ನು ಸಂಗಮದಲ್ಲಿ ಮೀನು ಹಿಡಿಯುವವರು ಬಲೆಯ ಗುಂಡಿಗೆಂದು ಒಯ್ಯುತ್ತಾರೆ. ನೋಂದಣಿಯ ಸರ್ವರ್ ಕೈಕೊಟ್ಟು ನಮಗೆಲ್ಲ ಬಿಡುವು ಸಿಕ್ಕಿದ ಒಂದು ದಿನ ನಾನೂ ಒಂದು ಬಲ್ಬು ಒಡೆದು ನೋಡಿದೆ. ಹೆಬ್ಬೆರಳಿಗೆ ಮೂರು ಹೊಲಿಗೆ ಬಿದ್ದವು. ವಾರ ಕಾಲ ಹೆಬ್ಬೆಟ್ಟು ಒತ್ತುವವರನ್ನು ಕಂಡರೆ ಹೊಟ್ಟೆಯುರಿಯುತ್ತಿತ್ತು.

ಒಡೆಯುವುದಕ್ಕೆ ಮುಂಚೆ ಒಂದು ಶಾಸ್ತ್ರವಿತ್ತು. ಗಾಜು ಕಪ್ಪಾದ ಬಲ್ಬು ಸತ್ತಿದೆ ಎಂದು ಕಣ್ಣೇ ಹೇಳುತ್ತದೆ. ತಿಳಿಗಾಜಿನದಾದರೆ ರಾಚಯ್ಯ ಅದರ ಟೋಪಿ ಹಿಡಿದು, ಬಲಗಿವಿಯ ಹತ್ತಿರ ತಂದು ಎರಡು ಸಲ ಅಲ್ಲಾಡಿಸುತ್ತಿದ್ದ. ಒಳಗಿನ ತಂತಿ ತುಂಡಾಗಿದ್ದರೆ ಸಣ್ಣಗೆ ಕಿಣಿ ಎನ್ನುತ್ತದೆ. ಕಿಣಿ ಎಂದದ್ದು ಗೋಣಿಗೆ. ಸದ್ದಿಲ್ಲದಿದ್ದರೆ ಬಲ್ಬು ಇನ್ನೂ ಉರಿಯುತ್ತದೆ ಎಂದರ್ಥ, ಅದು ಹುಲ್ಲು ಹಾಸಿದ ರಟ್ಟಿನ ಪೆಟ್ಟಿಗೆಗೆ.

"ಉಸುರಿರೋದ ಒಡೀಬಾರ್ದು ಸಾ," ಎನ್ನುತ್ತಿದ್ದ.

ಉಸಿರಿರುವ ಬಲ್ಬುಗಳನ್ನು ಜನ ಬಚ್ಚಲಿಗೆ, ಕೊಟ್ಟಿಗೆಗೆ ಅಗ್ಗವಾಗಿ ಕೊಳ್ಳುತ್ತಿದ್ದರು. ಹೆಚ್ಚಾಗಿ ಒಯ್ಯುತ್ತಿದ್ದವರು ಕೋಳಿಮರಿ ಸಾಕುವವರು. ಎಲ್‌ಇಡಿಯಲ್ಲಿ ಬೆಳಕುಂಟು, ಕಾವಿಲ್ಲ. ತಾಯಿಯಿಲ್ಲದ ಮರಿಗೆ ಬೆಳಕು ಕಟ್ಟಿಕೊಂಡು ಏನಾಗಬೇಕು?

ಬಲ್ಬಿನ ಮೇಲಿನ ಈ ಕಾಳಜಿ ರಾಚಯ್ಯನಿಗೆ ಅಪ್ಪನಿಂದ ಬಂದದ್ದು. ಹೆಮ್ಮಿಗೆಯ ಅವರ ಕೇರಿಗೆ ಸರ್ಕಾರ ಮನೆಗೊಂದು ಬಲ್ಬಿನಂತೆ ಕರೆಂಟು ಕೊಟ್ಟಾಗ ಅವನಿಗೆ ಹದಿನೈದು ವರ್ಷ. ಒಂದೇ ಬಲ್ಬು, ಹೋದರೆ ಇನ್ನೊಂದಿಲ್ಲ. ಆರು ತಿಂಗಳಿಗೆ ಅದು ಹೋಯಿತು. ಅಪ್ಪ ಅದನ್ನು ಬಿಚ್ಚಲಿಲ್ಲ. ಸ್ವಿಚ್ ಹಾಕಿಟ್ಟು, ಹೋಲ್ಡರಿನಲ್ಲಿದ್ದ ಹಾಗೇ ಓರೆ ಮಾಡಿ ಮೆಲ್ಲಗೆ ತಟ್ಟುತ್ತ ಹೋದ. ತುಂಡಾದ ತಂತಿಯ ಎರಡು ತುದಿ ಒಂದಕ್ಕೊಂದು ತಗುಲಿ, ಆ ಬಿಸಿಗೇ ಬೆಸೆದುಕೊಂಡು ಬಲ್ಬು ಮೊದಲಿಗಿಂತ ಜೋರಾಗಿ ಹತ್ತಿತು. ಇನ್ನೂ ನಾಲ್ಕು ತಿಂಗಳು ಬಾಳಿತು. ಆ ನಾಲ್ಕು ತಿಂಗಳು ಅದರ ಕೆಳಗೆ ಓದಿ ರಾಚಯ್ಯ ಎಸ್ಸೆಸ್ಸೆಲ್ಸಿ ಫೇಲಾದ. "ಬಲ್ಬಿಂದೇನೂ ತಪ್ಪಿಲ್ಲ," ಎಂದು ಇವತ್ತಿಗೂ ಹೇಳುತ್ತಾನೆ.

ಅವನ ಕಿವಿಗೆ ನಮ್ಮ ಬೀದಿಯಲ್ಲಿ ಹೆಸರಿತ್ತು. ತೆಂಗಿನಕಾಯಿ ಕೊಂಡವರು ಅವನ ಹತ್ತಿರ ತಂದು ಅಲ್ಲಾಡಿಸಿ ನೋಡಿಸಿಕೊಂಡು ಹೋಗುತ್ತಿದ್ದರು. ಬನ್ನೂರು ಕಡೆಯ ರೈತನೊಬ್ಬ ಪಂಪ್‌ಸೆಟ್ಟಿನ ಸದ್ದನ್ನು ಫೋನಿನಲ್ಲಿ ಹಿಡಿದು ತಂದು ಕೇಳಿಸಿದ್ದ. ಬೇರಿಂಗ್ ಹೋಗಿದೆ ಎಂದ ರಾಚಯ್ಯ. ಬೇರಿಂಗೇ ಹೋಗಿತ್ತು.

ಒಂದು ಹೋಲ್ಡರು, ಎರಡು ಮೀಟರ್ ವೈರು ಇದ್ದರೆ ಬಲ್ಬಿನ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ಇದನ್ನು ನಾನೇ ಒಮ್ಮೆ ಗುರುಮಲ್ಲಪ್ಪನವರಿಗೆ ಹೇಳಿದ್ದೆ. ಬೇಡದ ಸಲಹೆ ಕೊಡುವುದು ನನ್ನ ಹಳೆಯ ಕಾಯಿಲೆ.

"ಹೋಲ್ಡರ್ ತಂದ್ರೆ ರಾಚಯ್ಯ ಯಾಕೆ ಬೇಕು ಹೇಳಿ ರುದ್ರೇಶಪ್ಪೋರೆ?" ಎಂದರು ಅವರು. "ಇವನ ಕಿವಿ ಇರೋಗಂಟ ಇವ್ನಿರ್ತಾನೆ. ಕಿವಿ ಹೋದ ದಿನ ಹೋಲ್ಡರ್ ತತ್ತೀನಿ."

ರಾಚಯ್ಯನ ಮುಂದೆಯೇ ಅಂದರು. ಅವನು ನ್ಯಾಯವಾದ ಷರತ್ತು ಎಂಬಂತೆ ತಲೆಯಾಡಿಸಿ ಇನ್ನೊಂದು ಬಲ್ಬು ಎತ್ತಿಕೊಂಡ.

ಕಿವಿ ಯಾವಾಗ ಹೋಗತೊಡಗಿತೋ ಯಾರಿಗೂ ಗೊತ್ತಿಲ್ಲ. ಗುಜರಿ ಅಂಗಡಿಯಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದರಿಂದ ಅಲ್ಲಿ ಕಿವುಡು ಬೇಗ ಬಯಲಾಗುವುದಿಲ್ಲ. ನಂಜನಗೂಡಿನಲ್ಲಿ ನರ್ಸ್ ಆಗಿರುವ ಮಗಳು ಸಂಘಮಿತ್ರಾ ಒಮ್ಮೆ ಅಪ್ಪನನ್ನು ನೋಡಲು ಬಂದಾಗ ನನ್ನ ಹತ್ತಿರ, "ಫೋನಲ್ಲಿ ಎರಡೆರಡು ಸಲ ಹೇಳ್ಬೇಕು ಅಂಕಲ್. ಕೇಳಿದ್ರೆ ಟವರ್ ಸರಿ ಇಲ್ಲ ಅಂತಾರೆ," ಎಂದಳು. ನಾನೂ ಅವಳ ಜೊತೆ ಸೇರಿ ಟವರನ್ನು ಬೈದೆ.

ಎರಡು ವರ್ಷದ ಕೆಳಗೆ ಒಂದು ಮಧ್ಯಾಹ್ನ ಬಚ್ಚಲಿಗೆ ಬಲ್ಬು ಬೇಕೆಂದು ಹೋದೆ. ರಾಚಯ್ಯ ಪೆಟ್ಟಿಗೆಯಿಂದ ಒಂದನ್ನು ತೆಗೆದು, ಶಾಸ್ತ್ರದ ಪ್ರಕಾರ ಕಿವಿಗೆ ಹಿಡಿದು ಅಲ್ಲಾಡಿಸಿದ. ಒಂದು ಮೊಳ ಆಚೆ ನಿಂತಿದ್ದ ನನಗೆ ಕಿಣಿ ಎಂದು ಸ್ಪಷ್ಟವಾಗಿ ಕೇಳಿಸಿತು.

"ಉಸುರದೆ, ತಕ್ಕೊಂಡೋಗಿ ಸಾ," ಎಂದ.

ಹೇಳೋಣವೆಂದು ಬಾಯಿ ತೆರೆದೆ. ಅವನ ಬೆನ್ನ ಹಿಂದೆ ಗುರುಮಲ್ಲಪ್ಪನವರು ಪೇಪರ್ ಓದುತ್ತ ಕೂತಿದ್ದರು. ಬಾಯಿ ಮುಚ್ಚಿ, ದುಡ್ಡು ಕೊಟ್ಟು, ಸತ್ತ ಬಲ್ಬನ್ನು ಮನೆಗೆ ಒಯ್ದೆ. ಹೆಂಡತಿ ಹಾಕಿ ನೋಡಿ, ಬಲ್ಬನ್ನೂ ನನ್ನನ್ನೂ ಒಂದೇ ಥರ ನೋಡಿದಳು. ಮಾರನೆಯ ದಿನ ಇನ್ನೊಂದು ಕೊಂಡೆ. ಅದೂ ಕಿಣಿ.

ಈ ವ್ಯವಹಾರದಲ್ಲಿ ನಾನೊಬ್ಬನೇ ಇರಲಿಲ್ಲ ಎಂದು ಆಮೇಲೆ ತಿಳಿಯಿತು. ಎದುರಿನ ಟೀ ಅಂಗಡಿಯ ಶಾಂತಿ ತಾನು ಕೊಂಡ ಸತ್ತ ಬಲ್ಬನ್ನು ರಾಚಯ್ಯ ಊಟಕ್ಕೆ ಎದ್ದಾಗ ಮೂಟೆಗೆ ವಾಪಸ್ ಹಾಕಿಬರುತ್ತಿದ್ದಳು. ಟೋಪಿಗೆ ನೀಲಿ ಪೇಂಟು ತಾಗಿದ್ದ ಒಂದು ಬಲ್ಬು ಹೀಗೆ ಅವಳಿಗೆ ಎರಡು ಸಲ, ಕೊನೆಗೆ ನನಗೆ ಒಂದು ಸಲ ಮಾರಾಟವಾಯಿತು. ಆಸ್ತಿಯಾಗಿದ್ದರೆ ಋಣಭಾರ ಪತ್ರದಲ್ಲಿ ಮೂರು ವಹಿವಾಟು ತೋರಿಸಬೇಕಾಗುತ್ತಿತ್ತು. ನನಗೆ ಕದ್ದು ಹಿಂದಿರುಗಿಸುವಷ್ಟು ಧೈರ್ಯವಿಲ್ಲ. ನನ್ನವನ್ನೆಲ್ಲ ಮೇಜಿನ ಕೆಳಗೆ ಒಂದು ರಟ್ಟಿನ ಡಬ್ಬದಲ್ಲಿ ಕೂಡಿಡುತ್ತ ಬಂದೆ. ಊರಾಚೆಯಿಂದ ಬಂದು ಕೊಂಡವರು ಬಲ್ಬು ಹತ್ತದಿದ್ದರೆ ಬಸ್ಸಿನ ಕುಲುಕಾಟಕ್ಕೆ ಹೋಯಿತು ಎಂದುಕೊಂಡು ಸುಮ್ಮನಾಗುತ್ತಿದ್ದರು. ನಮ್ಮ ಕಡೆಯ ರಸ್ತೆಗಳು ಆ ಮಟ್ಟಿಗೆ ಉಪಕಾರ ಮಾಡಿವೆ.

ನಾವು ಒಳ್ಳೆಯ ಕೆಲಸ ಮಾಡುತ್ತಿದ್ದೇವೆ ಎಂದೇ ನನಗಿತ್ತು. ನಾಲ್ಕು ಜನ ಸೇರಿ ಒಬ್ಬನ ಅನ್ನ ಕಾಯುತ್ತಿದ್ದೇವೆ, ಅದರಲ್ಲಿ ಯಾರ ಗಂಟು ಹೋಯಿತು ಎಂದು ಸಮಾಧಾನ.

ಹೋದ ಡಿಸೆಂಬರಿನಲ್ಲಿ ಬನ್ನೂರು ಕಡೆಯಿಂದ ಮಾದಮ್ಮ ಬಂದಳು. ನಾಟಿಕೋಳಿ ಮರಿ ಸಾಕಿ ಸಂತೆಗೆ ಒಯ್ದು ಮಾರುವ ಹೆಂಗಸು, ರಾಚಯ್ಯನ ಖಾಯಂ ಗಿರಾಕಿ. ಆಗಷ್ಟೇ ಅವನು ಬೆಂಚಿನ ಮೇಲೆ ಕೂತಿದ್ದ. ಅವಳು ಕೈಚೀಲದಿಂದ ಎರಡು ಬಲ್ಬು ತೆಗೆದು ಅವನ ಮುಂದಿಟ್ಟಳು.

"ರಾಚಣ್ಣ, ವಾರದಿಂದೆ ಮೂರು ಬಲ್ಬು ಕೊಟ್ಟಿದ್ಯಲ್ಲ. ಒಂದು ಉರೀತಿತ್ತು, ನೆನ್ನೆ ಅದು ಓಯ್ತು. ಇವೆಲ್ಡ ಆಕ್ದೆ. ಎಲ್ಡೂ ಅತ್ನಿಲ್ಲ. ಬೆಳಗಾಗೋ ಒತ್ಗೆ ಅದಿನೇಳು ಮರಿ ಸೆಟ್ಕಂಡಿದ್ದೊ."

"ಬಸ್ಸಲ್ಲಿ ಕುಲುಕಿರ್ಬೇಕು ಕಣವ್ವ."

"ಮಡ್ಲಲ್ಲಿ ಮಡಿಕಂಡೋಗಿದ್ದೆ, ಮಗ ಮಡಿಕಂಡಂಗೆ."

ಅವಳು ಒಂದು ಬಲ್ಬನ್ನು ಎತ್ತಿ ಅವನ ಕಿವಿಯ ಹತ್ತಿರವೇ ಹಿಡಿದು ಅಲ್ಲಾಡಿಸಿದಳು. ಕಿಣಿ. ಇನ್ನೊಂದನ್ನು ಅಲ್ಲಾಡಿಸಿದಳು. ಅದೂ ಕಿಣಿ. ಎದುರಿಗೆ ಶಾಂತಿ ಲೋಟ ತೊಳೆಯುವುದನ್ನು ನಿಲ್ಲಿಸಿದಳು.

"ಏನೂ ಸದ್ದಿಲ್ವಲ್ಲವ್ವ," ಎಂದ ರಾಚಯ್ಯ. "ಉಸುರದೆ."

ಜಗಳಕ್ಕೆಂದೇ ಮೊದಲ ಬಸ್ಸು ಹತ್ತಿ ಬಂದಿದ್ದ ಮಾದಮ್ಮ ಅವನ ಮುಖವನ್ನೇ ನೋಡಿದಳು. ಸಿಟ್ಟು ಇಳಿದುಹೋದದ್ದು ನನಗೆ ಕಾಣಿಸಿತು.

"ರಾಚಣ್ಣ, ನಿಂಗೆ ಕೇಳ್ಸಲ್ವಾ?"

ಎರಡು ವರ್ಷ ನಾವು ಯಾರೂ ಕೇಳದೆ ಉಳಿಸಿಕೊಂಡಿದ್ದ ಪ್ರಶ್ನೆ ಅದು. ರಾಚಯ್ಯ ನನ್ನ ಕಡೆ ತಿರುಗಿದ.

"ಸಾ, ನೀವೇಳಿ. ಸದ್ದು ಬಂತಾ?"

ಮಾದಮ್ಮನ ಚೀಲದ ಬಾಯಿಯಲ್ಲಿ ಒಂದು ಮರಿಯ ಕಾಲು ಕಾಣುತ್ತಿತ್ತು. ಸಾಕ್ಷಿಗೆಂದು ತಂದಿದ್ದಳೋ ಏನೋ. ಸುಳ್ಳು ಹೇಳಿದವರು ನಾವು, ಸತ್ತದ್ದು ಅವಳ ಮರಿಗಳು. ನನಗೆ ನಿಜಕ್ಕೂ ನಾಚಿಕೆಯಾಯಿತು.

"ಬಂತು ರಾಚಯ್ಯ," ಎಂದೆ.

"ಯಾವಾಗಿಂದ?"

"ಎರಡು ವರ್ಷ ಆಯ್ತು."

ಇನ್ನು ಮುಚ್ಚಿಡುವುದು ಏನೂ ಇರಲಿಲ್ಲ. ನನ್ನ ಮೇಜಿನ ಕೆಳಗಿನ ಡಬ್ಬವನ್ನು ಹೊತ್ತು ತಂದು ಅವನ ಮುಂದಿಟ್ಟೆ. ಅವನು ಒಂದೊಂದಾಗಿ ಎತ್ತಿ ಹೊರಗಿಟ್ಟ. ಇಪ್ಪತ್ತಾರು ಇದ್ದವು. ನೀಲಿ ಪೇಂಟಿನದನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದ.

"ಇಷ್ಟ್‌ನೂ ಯಾಕ್ ಕೊಂಡ್ರಿ ಸಾ?"

"ಬಚ್ಚಲಿಗೆ," ಎಂದೆ.

ರಾಚಯ್ಯ ಎದ್ದ. ಸುತ್ತಿಗೆಯನ್ನು ಮಡಿಸಿದ ಗೋಣಿಯ ಮೇಲಿಟ್ಟು ಗುರುಮಲ್ಲಪ್ಪನವರ ಮುಂದೆ ಹೋಗಿ ನಿಂತ. "ಯಜಮಾನ್ರೇ, ಕಿವಿ ಓಯ್ತು. ಓಲ್ಡರ್ ತರ್ಸಿ," ಎಂದ. ಬಸ್ಸು ಹೋಯಿತು ಎಂದು ಹೇಳುವವನ ದನಿಯಲ್ಲಿ.

ಗುರುಮಲ್ಲಪ್ಪನವರು ಪೇಪರ್ ಮಡಿಸಿಟ್ಟರು. ಮೇಜಿನ ಕೆಳಗಿನ ಖಾನೆ ಎಳೆದು, ಹಳದಿ ತಿರುಗಿದ ಕಾಗದದ ಪೊಟ್ಟಣವೊಂದನ್ನು ಹೊರಗೆ ತೆಗೆದರು. ಒಳಗೆ ಹೋಲ್ಡರಿತ್ತು. ವೈರು ಸುತ್ತಿ, ಪ್ಲಗ್ಗು ಕೂಡಿಸಿ ತಯಾರಾಗಿತ್ತು.

"ರುದ್ರೇಶಪ್ಪೋರು ಬಚ್ಚಲಿಗೆ ಮೊದಲನೇದು ಕೊಂಡ್ರಲ್ಲ, ಅವತ್ತು ನಂಗೂ ಕೇಳಿಸ್ತು. ಆ ವಾರನೇ ತಂದೆ."

"ಮತ್ತೆ ಯಾಕೆ ಹಾಕಲಿಲ್ಲ?" ಎಂದೆ ನಾನು.

"ಇವ್ನು ಕಿವಿ ಹೋಯ್ತು ಅಂತ ಹೇಳ್ಲಿಲ್ವಲ್ಲ."

ರಾಚಯ್ಯ ಹೋಲ್ಡರನ್ನು ಇಸಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಕೆಲಸ ಹೋದವನು ಮನೆಗೆ ಹೋಗುತ್ತಾನೆ ಎಂದುಕೊಂಡೆ. ಅವನು ಬೆಂಚನ್ನು ಗೋಡೆಯ ಹತ್ತಿರಕ್ಕೆ ಎಳೆದು, ಪ್ಲಗ್ಗು ಚುಚ್ಚಿ, ನನ್ನ ಇಪ್ಪತ್ತಾರರಲ್ಲಿ ಒಂದನ್ನು ಹೋಲ್ಡರಿಗೆ ಹಾಕಿದ. ಹತ್ತಲಿಲ್ಲ. ಸ್ವಿಚ್ ಹಾಕಿಯೇ ಇಟ್ಟು ಮೆಲ್ಲಗೆ ಓರೆ ಮಾಡಿದ, ಬೆರಳಲ್ಲಿ ತಟ್ಟಿದ, ಮತ್ತೆ ಓರೆ ಮಾಡಿದ. ಅವನ ಅಪ್ಪ ಅಂದು ಮಾಡಿದ್ದೂ ಇದೇ ಎಂದು ನನಗೆ ಆಗ ಹೊಳೆಯಿತು. ಇದಕ್ಕೆ ಕಿವಿ ಬೇಡ, ಕಣ್ಣು ಮತ್ತು ಬೆರಳು ಸಾಕು. ತಾಳ್ಮೆಯೂ ಬೇಕು, ಅದು ನನ್ನಲ್ಲಿಲ್ಲ. ನಾಲ್ಕನೆಯ ಬಲ್ಬಿಗೆ ನಾನು ಎದ್ದು ಹೋಗಿ ಟೀ ಕುಡಿದು ಬಂದೆ. ಐದನೆಯದು ಹತ್ತಿತು.

ಊಟದ ಹೊತ್ತಿಗೆ ಇಪ್ಪತ್ತಾರರಲ್ಲಿ ನಾಲ್ಕು ಉರಿದಿದ್ದವು. ಹತ್ತದವನ್ನು ಗೋಣಿಯ ಕಡೆ ಸರಿಸಿದ. ಕೊನೆಗೆ ಉಳಿದದ್ದು ನೀಲಿ ಪೇಂಟಿನದು. ಅದನ್ನು ಕಾಲು ಗಂಟೆ ಆಡಿಸಿದ. ಹತ್ತಿದಾಗ ಹಗಲಲ್ಲೂ ಕಣ್ಣಿಗೆ ಚುಚ್ಚುವಷ್ಟು ಜೋರಾಗಿ ಹತ್ತಿತು. ಮಾದಮ್ಮ ಅದರ ಹತ್ತಿರ ಅಂಗೈ ಹಿಡಿದು ಕಾವು ನೋಡಿದಳು.

"ಹೋಲ್ಡರ್ ತಂದ್ಮೇಲೆ ರಾಚಯ್ಯ ಯಾಕೆ ಬೇಕು ಅಂದಿದ್ರಲ್ಲ?" ಎಂದು ನಾನು ಗುರುಮಲ್ಲಪ್ಪನವರನ್ನು ಕೆಣಕಿದೆ.

ಅವರು ಮತ್ತೆ ಪೇಪರ್ ಬಿಡಿಸಿಕೊಂಡರು. "ರಾಚಯ್ಯ, ನಾಳೆ ಒಂಬತ್ತರ ಬಸ್ಸಿಗೇ ಬಾ," ಎಂದರು. ಅವನಿಗೆ ಕೇಳಿಸಲಿಲ್ಲ. ಕೂಗಿ ಇನ್ನೊಂದು ಸಲ ಹೇಳಿದರು.

ಐದು ಬಲ್ಬೂ ತಣ್ಣಗಾದ ಮೇಲೆ ರಾಚಯ್ಯ ಅವನ್ನು ಹುಲ್ಲಿನಲ್ಲಿ ಸುತ್ತಿ ಮಾದಮ್ಮನ ಚೀಲಕ್ಕೆ ಇಳಿಸಿದ. ನೀಲಿ ಪೇಂಟಿನದನ್ನು ಕೊಡುವ ಮುಂಚೆ, ಮೂವತ್ತು ವರ್ಷದ ಅಭ್ಯಾಸ, ಕಿವಿಗೆ ಹಿಡಿದು ಎರಡು ಸಲ ಅಲ್ಲಾಡಿಸಿದ. ನಾನು, ಶಾಂತಿ, ಗುರುಮಲ್ಲಪ್ಪನವರು ಮೂವರೂ ಕತ್ತು ಮುಂದೆ ಚಾಚಿದೆವು.

"ಏನಂತದೆ ರಾಚಣ್ಣ?" ಎಂದು ಕೇಳಿದಳು ಮಾದಮ್ಮ.

"ನನ್ ಕೇಳ್ಬ್ಯಾಡ ಕಣವ್ವ. ಅವ್ರ ಕೇಳು," ಎಂದು ನನ್ನ ಕಡೆ ಕೈ ತೋರಿಸಿದ.

ಏನೂ ಕೇಳಿಸಲಿಲ್ಲ ಎಂದು ಹೇಳಿದೆ. ಈ ಸಲ ನನಗೂ ಕೇಳಿಸಿರಲಿಲ್ಲ.